ಕಣಕ್ಕೆ ಬಂದ ಕಲ್ಲು

ನಾನು ಹೇಳೋದರಲ್ಲಿ ಒಂದು ಮಾತು ಸುಳ್ಳಿದ್ರೂ ಈ ಕೈ ಬಿದ್ದೋಗ್ಲಿ. ಈ ಕೈಯಲ್ಲ, ಆ ಕೈ. ಇದರ ಹೆಬ್ಬೆರಳು ನಿನ್ನೆ ಸುತ್ತಿಗೆ ಕೆಳಗೆ ಸಿಕ್ಕಿ ಅರ್ಧ ಹೋಗೇಬಿಟ್ಟಿದೆ. ಇದರ ಮೇಲೆ ಆಣೆ ಇಟ್ರೆ ದೇವರಿಗೆ ಮೋಸ ಮಾಡಿದ ಹಾಗಾಗುತ್ತೆ. ನಾನು ಮೆಥಡಿಸ್ಟು ಚರ್ಚಿನೋಳು. ಮೋಸ ಮಾಡಲ್ಲ.

ಕೂತ್ಕೊಳ್ಳಿ ಚಿಕ್ಕದೊರೆ. ಇಲ್ಲಿ, ಗೋಡೆ ಮೇಲೆ. ಹಾಗಲ್ಲ, ಸಮುದ್ರದ ಕಡೆ ಮುಖ ಮಾಡಿ. ಲಂಡನ್ನಿಂದ ಬಂದೋರು ನಮ್ಮ ಕಾರ್ನ್‌ವಾಲಿನ ಸಮುದ್ರಕ್ಕೆ ಬೆನ್ನು ಹಾಕಬಾರದು, ಅದಕ್ಕೆ ಬೇಜಾರಾಗುತ್ತೆ. ಕ್ಯಾಪ್ಟನ್ ಇನ್ನೂ ಗಣಿ ಒಳಗಿದ್ದಾರೆ. ಮೇಲೆ ಬರೋಕೆ ಹೊತ್ತಾಗುತ್ತೆ. ಏಣಿ ಮೇಲೆ ಏಣಿ, ಏಣಿ ಮೇಲೆ ಏಣಿ, ಅವರ ಹೊಟ್ಟೆ ಬೇರೆ ಒಂದೊಂದು ಮೆಟ್ಟಿಲಿಗೂ ನಮಸ್ಕಾರ ಹಾಕ್ಕೊಂಡು ಬರಬೇಕು. ಅಲ್ಲೀ ತನಕ ನೀವು ಪುಸ್ತಕ ತೆಗೀರಿ. ನಾನು ಹೇಳ್ತೀನಿ, ಬರ್ಕೊಳ್ಳಿ. ನಿಮಗೆ ಬೇಕಾಗಿರೋದು ಕಲ್ಲಿನ ವಿಷಯ ತಾನೆ? ಇದು ಪೂರ್ತಿ ಕಲ್ಲಿನ ವಿಷಯವೇ.

ಆ ಸದ್ದಾ? ನಮ್ಮ ಹುಡುಗೀರು. ಏನೋ ಎತ್ತಿ ಇಡ್ತಿದ್ದಾರೆ. ತಿಂಡಿ ಹೊತ್ತು, ಕೆಲಸದ ಗಂಟೆ ಇನ್ನೂ ಹೊಡೆದಿಲ್ಲ. ತಿರುಗಿ ನೋಡಬೇಡಿ, ನಾಚ್ಕೋತಾರೆ.

ನನ್ನ ಹೆಸರು ವಿಲ್ಮಟ್. ಇಲ್ಲಿ ದೊಡ್ಡೋರನ್ನ ಬರೀ ಹೆಸರು ಹಿಡಿದು ಕರೆಯಲ್ಲ. ವಿಲ್ಮಟ್ ಅತ್ತೆ ಅಂತಾರೆ, ನೀವೂ ಹಾಗೇ ಅನ್ನಿ. ಈ ತಾಮ್ರದ ಗಣಿಗೆ ಕಲ್ಲು ಒಡೆಯೋಕೆ ಬಂದಾಗ ನಾನು ಸುತ್ತಿಗೆಗಿಂತ ಗಿಡ್ಡ ಇದ್ದೆ. ಗಂಡಸರು ಕೆಳಗೆ ಅಗೀತಾರೆ. ಹೆಂಗಸರು ಕೆಳಗಿಳಿಯೋ ಹಾಗಿಲ್ಲ. ನಾವು ಮೇಲೆ, ಬಯಲಲ್ಲಿ, ಈ ಕಣದಲ್ಲಿ. ಕಲ್ಲು ಬರುತ್ತೆ, ಒಡೀತೀವಿ. ದೊಡ್ಡ ಸುತ್ತಿಗೆಯೋರು ಬಂಡೆ ಒಡೆದು ತಲೆಗಾತ್ರ ಮಾಡ್ತಾರೆ. ಮುಂದಿನೋರು ಅದನ್ನ ಮುಷ್ಟಿಗಾತ್ರ ಮಾಡ್ತಾರೆ. ಕೊನೇ ಸಾಲಿನೋರು ಹೆಬ್ಬೆರಳಿನ ಗಾತ್ರ. ತಾಮ್ರ ಇದ್ದದ್ದು ಒಂದು ರಾಶಿ, ಅಷ್ಟಿಷ್ಟು ಇದ್ದದ್ದು ಒಂದು ರಾಶಿ, ಕಸ ಒಂದು ರಾಶಿ. ಸಂಜೆಗೆ ಕೈ ಮೇಲೇಳಲ್ಲ. ತಲೆ ಬಾಚೋಕೆ ಇನ್ನೊಬ್ಬಳನ್ನ ಕರೀಬೇಕು, ಅವಳ ಕೈನೂ ಮೇಲೇಳಲ್ಲ. ನಾವೆಲ್ಲ ಬಿಳಿ ಟೋಪಿ ಹಾಕಿರೋದು ಚೆಂದಕ್ಕೆ ಅಂದ್ಕೊಂಡ್ರಾ?

ಮಳೆ ಬಂದ್ರೂ ಒಡೀಬೇಕು. ನಮ್ಮೂರ ಮಳೆ ಮೇಲಿಂದ ಬೀಳಲ್ಲ. ಸಮುದ್ರದಿಂದ ಅಡ್ಡಡ್ಡ ಬರುತ್ತೆ. ಈ ಕಿವೀಲಿ ಹೋಗಿ ಆ ಕಿವೀಲಿ ಹೊರಗೆ ಬರುತ್ತೆ. ಒಂದು ಸಲ ನಮ್ಮ ಗ್ರೇಸ್ ಆಕಳಿಸಿದಳು, ಬಾಯಿಗೆ ಮೀನು ಬಿತ್ತು. ನಿಜ. ಬರ್ಕೊಳ್ಳಿ.

ಹೀಗೆ ನೆನೆಯೋ ನಮಗೆ ಇದ್ದ ಸುಖ ಒಂದೇ. ಆ ಶೆಡ್ಡು. ಉಗಿ ಯಂತ್ರದ ಬಾಯ್ಲರ್ ಮನೆಗೆ ಬೆನ್ನು ಕೊಟ್ಟು ನಿಂತಿದೆಯಲ್ಲ, ಅದೇ. ಅದರ ಒಳಗೋಡೆ ಯಾವಾಗ ಮುಟ್ಟಿದ್ರೂ ಬೆಚ್ಚಗಿರುತ್ತೆ, ಬಸುರಿ ಬೆಕ್ಕಿನ ಹೊಟ್ಟೆ ಹಾಗೆ. ಕಟ್ಟಿದ್ದು ಯಾರು? ಗಣಿ ಮಾಲೀಕರಲ್ಲ. ನಮ್ಮ ತಾಯಂದಿರು. ಕೆಲಸ ಮುಗಿದ ಮೇಲೆ, ಕಸದ ರಾಶಿಯಿಂದ ಕಲ್ಲು ಹೊತ್ತು ಹೊತ್ತು ಕಟ್ಟಿದ್ರು. ನಾವು ತಿಂಡಿ ತಿನ್ನೋದು ಅಲ್ಲೇ, ಒದ್ದೆ ಬಟ್ಟೆ ಒಣಗಿಸೋದು ಅಲ್ಲೇ. ಲವ್‌ಡೇ ಉಸಿರಾಡೋದೂ ಅಲ್ಲೇ.

ಲವ್‌ಡೇ ನಾನ್ಕಿವೆಲ್. ನನ್ನ ಪಕ್ಕದ ಸುತ್ತಿಗೆ. ಅವಳ ಗಂಡ ಗಣಿ ಕೆಳಗೆ ಹೋದೋನು ಮೇಲೆ ಬರಲಿಲ್ಲ. ಇವಳ ಎದೆಯಲ್ಲಿ ಕಲ್ಲಿನ ಪುಡಿ ಕೂತಿತ್ತು. ಬೆಚ್ಚನೆ ಗೋಡೆಗೆ ಒರಗಿ ಕೂತ್ರೆ ಉಸಿರು ಸಲೀಸಾಗಿ ಬರೋದು. ಒದ್ದೆ ಬಟ್ಟೇಲಿ ನಿಂತ್ರೆ ತುಟಿ ನೀಲಿ ಆಗೋದು. ಆ ಗೋಡೆ ಇಲ್ಲ ಅಂದ್ರೆ ಲವ್‌ಡೇ ಇಲ್ಲ. ಅಷ್ಟೇ ವಿಷಯ.

ಹೊಸ ಬಾಯ್ಲರ್ ಬಂದ ವರ್ಷ ಇಬ್ಬರು ದೊರೆಗಳು ಬಂದ್ರು. ನಿಮ್ಮ ಹಾಗೇ. ಬೆನ್ನಿಗೆ ಚೀಲ, ಜೇಬಲ್ಲಿ ಪುಸ್ತಕ, ಕೈಯಲ್ಲಿ ತೊಟ್ಟಿಲ ಮಗೂಗೆ ಆಡೋಕೆ ಕೊಡೋಂಥ ಸುತ್ತಿಗೆ. ಬೇಜಾರು ಮಾಡ್ಕೋಬೇಡಿ, ನಿಮ್ಮದು ಅದಕ್ಕಿಂತ ಒಂಚೂರು ದೊಡ್ಡದೇ. ಕಲ್ಲು ಎತ್ತೋರು, ಮೂಸೋರು, ನೆಕ್ಕೋರು, ಕಾಗದ ಸುತ್ತೋರು, ಬರ್ಕೊಳ್ಳೋರು. ನಾವು ಕಲ್ಲು ಒಡೆದು ಹೊಟ್ಟೆ ಹೊರೆಯೋರು. ಕಲ್ಲು ನೆಕ್ಕಿ ಹೊಟ್ಟೆ ಹೊರೆಯೋರನ್ನ ಅವತ್ತೇ ನೋಡಿದ್ದು.

ಇಬ್ಬರಿಗೂ ಆಗ್ತಿರಲಿಲ್ಲ. ಒಬ್ಬರು ಉದ್ದಕ್ಕಿದ್ರು. ಭೂಮಿ ಮೇಲಿನ ಕಲ್ಲೆಲ್ಲ ಆದಿಕಾಲದ ಸಮುದ್ರದ ನೀರಲ್ಲಿ ಗಸಿ ಕೂತ ಹಾಗೆ ಕೂತದ್ದು ಅಂತ ಅವರ ವಾದ. ಇನ್ನೊಬ್ಬರು ಗುಂಡಗಿದ್ರು. ಎಲ್ಲ ಒಳಗಿನ ಬೆಂಕೀಲಿ ಕರಗಿ ಉಕ್ಕಿ ಬಂದದ್ದು ಅಂತ ಅವರು. ಅವರ ಹೆಸರು ನಮ್ಮ ಬಾಯಿಗೆ ಹತ್ತಲಿಲ್ಲ. ನೀರುದೊರೆ, ಬೆಂಕಿದೊರೆ ಅಂತ ಇಟ್ವಿ. ದಿನವಿಡೀ ಕಣದ ಪಕ್ಕ ನಿಂತು ನೀರು ಅಂತ ಒಬ್ಬರು, ಬೆಂಕಿ ಅಂತ ಒಬ್ಬರು. ಪಕ್ಕದಲ್ಲಿ ನಾವು, ಸೊಂಟದ ತನಕ ನೆಂದು. ನಮ್ಮನ್ನ ಕೇಳಿದ್ದಿದ್ರೆ ನೀರು ಬೇಕಾದಷ್ಟಿದೆ, ಒಂಚೂರು ಬೆಂಕಿ ಕೊಡಿಸಿ ಅಂತಿದ್ವಿ. ಕೇಳಲಿಲ್ಲ.

ನಮ್ಮಲ್ಲಿ ಕೆಜಾಯ ಅಂತ ಇದ್ದಳು. ಎತ್ತರ ಆಳು. ಅವಳು ಸುತ್ತಿಗೆ ಬೀಸಿದ್ರೆ ಪಕ್ಕದ ಊರಿನ ಕೋಳಿಗಳು ಗಾಬರಿಯಾಗಿ ಎರಡೆರಡು ಮೊಟ್ಟೆ ಇಡ್ತಿದ್ವು. ನೀರುದೊರೆ ಬಂಡೆಯ ಚಿತ್ರ ಬರೀವಾಗ ಅವಳನ್ನ ಕರೆದು ಬಂಡೆ ಪಕ್ಕ ನಿಲ್ಲಿಸೋರು. ಅಳತೆಗೆ. ಬಂಡೆ ಎಷ್ಟು ದೊಡ್ಡದು ಅಂತ ಲಂಡನ್ನಿನೋರಿಗೆ ಗೊತ್ತಾಗಬೇಕಲ್ಲ. ಮಳೇಲಿ ನಿಂತಳು. ಅಲ್ಲಾಡಬೇಡ ಅಂದ್ರು, ಅಲ್ಲಾಡಲಿಲ್ಲ. ಆಮೇಲೆ ಚಿತ್ರ ನೋಡಿದ್ವಿ. ಬಂಡೆಗೆ ಒಂದೊಂದು ಗೆರೆನೂ ಇತ್ತು, ಒಂದೊಂದು ಬಿರುಕೂ ಇತ್ತು. ಕೆಜಾಯಗೆ ಮುಖ ಇರಲಿಲ್ಲ.

"ನನ್ನ ಮೂಗೆಲ್ಲಿ ದೊರೆ?" ಅಂದಳು.

"ನೀನು ಬರೀ ಅಳತೆ ಕಣಮ್ಮ," ಅಂದ್ರು. ಬೈದದ್ದಲ್ಲ. ಪ್ರೀತಿಯಿಂದಲೇ ಅಂದ್ರು.

ಇದನ್ನೂ ಬರ್ಕೊಂಡ್ರಾ? ಒಳ್ಳೇದು.

ದೊರೆಗಳ ಕಲ್ಲು ಜಾಸ್ತಿ ಆಯ್ತು. ಎಲ್ಲಿಡೋದು? ಆಗ ಇಲ್ಲಿ ಟ್ರೆವೆಲ್ಲಾ ಅಂತ ಕ್ಯಾಪ್ಟನ್. ಈಗ ಕೆಳಗಿದ್ದಾರಲ್ಲ, ಅವರ ಮಾವ. ಗಣಿ ನೋಡ್ಕೊಳ್ಳೋರನ್ನ ನಾವು ಕ್ಯಾಪ್ಟನ್ ಅಂತೀವಿ, ಅವರೇನು ಹಡಗು ಹತ್ತಿದೋರಲ್ಲ. ದೋಣಿ ಕಂಡ್ರೆ ವಾಂತಿ ಮಾಡ್ಕೊಳ್ಳೋರು. ದೊರೆಗಳು ಕೇಳಿದ್ದೇ ತಡ, ಟ್ರೆವೆಲ್ಲಾ ನಮ್ಮ ಶೆಡ್ಡಿನ ಬಾಗಿಲು ತೆಗೆದ್ರು. ನಮ್ಮ ಒದ್ದೆ ಬಟ್ಟೆ ಹೊರಗೆ ಬಿತ್ತು. ಬುತ್ತಿ ಹೊರಗೆ ಬಿತ್ತು. ಲವ್‌ಡೇ ಕೂರೋ ಮುಕ್ಕಾಲಿ ಹೊರಗೆ ಬಿತ್ತು. ಕಲ್ಲುಗಳು ಒಳಗೆ ಹೋದವು. ಕೆಳಗೆ ಹುಲ್ಲು ಹಾಸಿ, ಮೈಗೆ ಕಾಗದ ಸುತ್ತಿ, ಬೆಚ್ಚನೆ ಗೋಡೆ ಪಕ್ಕ ಸಾಲಾಗಿ ಮಲಗಿಸಿದ್ರು.

"ನಾವು ಎಲ್ಲಿ ಕೂರೋದು ಕ್ಯಾಪ್ಟನ್?" ಅಂದೆ.

"ತೇವ ತಗುಲಿದ್ರೆ ಕಾಗದ ಹಾಳಾಗುತ್ತೆ ಕಣೇ. ಯಾವ ಕಲ್ಲು ಎಲ್ಲಿಂದು ಅಂತ ಗೊತ್ತಾಗಲ್ಲ. ಸ್ವಲ್ಪ ದಿನ ಹೊಂದ್ಕೊಳ್ಳಿ."

ಹೊಂದ್ಕೊಂಡ್ವಿ. ಗೋಡೆ ಹೊರಗೆ ನಿಂತ್ಕೊಂಡು ತಿಂದ್ವಿ. ಕಲ್ಲುಗಳಿಗೆ ನೆಗಡಿ ಆಗಲಿಲ್ಲ. ಲವ್‌ಡೇ ಕೆಮ್ಮಿದಾಗ ಕರವಸ್ತ್ರದಲ್ಲಿ ಕೆಂಪು ಕಾಣೋಕೆ ಶುರುವಾಯ್ತು.

ನಡುವೆ ಒಂದು ವಿಷಯ. ನಮ್ಮ ಬುತ್ತಿ ಅಂದ್ರೆ ಹೊಗ್ಗನ್. ಬಾರ್ಲಿ ಹಿಟ್ಟು ನಾದಿ ಉಂಡೆ ಕಟ್ಟಿ ಒಲೇಲಿ ಸುಡೋದು. ಗಣಿ ಬಾಯಿಂದ ಕೆಳಗೆ ಎಸೆದ್ರೂ ಒಡೆಯಬಾರದು, ಹಾಗೆ ಮಾಡಿದೋಳೇ ಒಳ್ಳೆ ಹೆಂಡತಿ. ಕೆಜಾಯ ಮದುವೆ ಆಗಿರಲಿಲ್ಲ, ಆದ್ರೂ ಅವಳ ಹೊಗ್ಗನ್ ಇಡೀ ಸೀಮೆಗೇ ಗಟ್ಟಿ. ಹೀಗೆ ನಿಂತ್ಕೊಂಡು ತಿನ್ನುವಾಗ ಒಂದು ದಿನ ಅದು ಕೈಜಾರಿ ಉರುಳಿ ಹೋಯ್ತು. ನೀರುದೊರೆ ಕಂಡ್ರು. ಎತ್ಕೊಂಡ್ರು. ಸುತ್ತಿಗೇಲಿ ಕುಟ್ಟಿದ್ರು. ಕಿಡಿ ಹಾರಿತು. ನೆಕ್ಕಿದ್ರು. ಉಪ್ಪುಪ್ಪು ಅಂದ್ರು! ಸಮುದ್ರ ಅಂದ್ರು! ನೀರಲ್ಲಿ ಕಲಸಿದ ಮಣ್ಣು ಗಟ್ಟಿಯಾಗಿ ಆಗಿರೋದು, ಸಂಶಯವೇ ಇಲ್ಲ ಅಂದ್ರು. ಬೆಂಕಿದೊರೆ ಕಿತ್ಕೊಂಡು ನೋಡಿದ್ರು. ಮೇಲೆ ಸುಟ್ಟ ಕಲೆ ಕಾಣಲ್ವಾ, ಇದು ಬೆಂಕಿ ಕಂಡ ಕಲ್ಲು ಅಂದ್ರು. ಕಾರ್ನ್‌ವಾಲಿಗೆ ಬಂದ ಮೇಲೆ ಇಬ್ಬರೂ ಸರಿಯಾಗಿ ಹೇಳಿದ್ದು ಅದೊಂದೇ ಸಲ. ಕಾಗದ ಸುತ್ತಿ ಅದನ್ನೂ ಶೆಡ್ಡಲ್ಲಿ ಮಲಗಿಸಿದ್ರು. ಕೆಜಾಯ ಅವತ್ತು ಉಪವಾಸ.

ಆಮೇಲೆ ದೊರೆಗಳು ನಮಗೊಂದು ಅಪ್ಪಣೆ ಕೊಟ್ರು. ಒಡೀವಾಗ ಚೆಂದದ ಕಲ್ಲು, ಬಣ್ಣದ ಕಲ್ಲು ಕಂಡ್ರೆ ತೆಗೆದಿಡಿ ಅಂತ. ಕ್ಯಾಪ್ಟನ್ನಿನ ಅಪ್ಪಣೆ ಬೇರೆ. ಕೈ ನಿಲ್ಲಬಾರದು. ಎರಡರ ನಡುವೆ ಸಿಕ್ಕೋಳು ಲವ್‌ಡೇ. ಒಂದು ಬೆಳಿಗ್ಗೆ ಅವಳ ಮುಂದೆ ಒಂದು ಕಲ್ಲು ಬಂತು, ನೀಲಿ ಬಣ್ಣದ್ದು. ಸುತ್ತಿಗೆ ಎತ್ತಿದೋಳು ನಿಂತಳು.

"ಕ್ಯಾಪ್ಟನ್, ಇದನ್ನ ಒಡೀಲಾ, ಇಡ್ಲಾ?"

ಅಷ್ಟೇ ಕೇಳಿದ್ದು. ಟ್ರೆವೆಲ್ಲಾಗೆ ಮೈಯೆಲ್ಲ ಉರೀತು. ದೊರೆಗಳ ಎದುರು ತಮ್ಮ ಕಣದಲ್ಲಿ ಸುತ್ತಿಗೆ ನಿಂತಿದೆ. ಕೇಳ್ತಿರೋದು ಒಬ್ಬ ಹೆಂಗಸು.

"ಹತ್ತೇ ಆ ಬಂಡೆ," ಅಂದ್ರು.

ಹತ್ತಿದಳು. ಗಂಡಸರ ಪಾಳಿ ಬದಲಾಗೋ ಹೊತ್ತು. ಎಲ್ಲ ನೋಡ್ತಿದ್ರು.

"ಕಣಕ್ಕೆ ಬಂದ ಕಲ್ಲು ಒಡೀಬೇಕು. ನಿನಗೆ ಇರೋದು ಕೈ. ಬಾಯಲ್ಲ. ಹೇಳು, ನನ್ನ ಕೆಲಸ ಒಡೆಯೋದು, ಕೇಳೋದಲ್ಲ ಅಂತ."

"ನನ್ನ ಕೆಲಸ ಒಡೆ..." ಕೆಮ್ಮು ಬಂತು.

"ಕೆಮ್ಮದೆ ಹೇಳು."

ಮತ್ತೆ ಶುರು ಮಾಡಿದಳು. ಮತ್ತೆ ಕೆಮ್ಮು.

"ಕೆಮ್ಮದೆ."

ಮಳೆ ಬರ್ತಿತ್ತು. ಅವಳ ಕಾಲಿಗೆ ಸುತ್ತಿದ ಬಟ್ಟೆ ಬಿಚ್ಚಿ ಬಂಡೆ ಮೇಲಿಂದ ಜೋತು ಬಿದ್ದಿತ್ತು. ಒಂದು ಸಲನಾದ್ರೂ ಪೂರ್ತಿ ಹೇಳೋ ತನಕ ಇಳಿಸಲಿಲ್ಲ. ನೀರುದೊರೆ ಒಂದು ಕಲ್ಲು ನೆಕ್ಕುತ್ತಾ ನೋಡ್ತಿದ್ರು. ಬೆಂಕಿದೊರೆ ಮುಖ ಆ ಕಡೆ ಮಾಡಿ ನಿಂತಿದ್ರು, ಪಾಪ, ಸೂಕ್ಷ್ಮ ಮನುಷ್ಯ. ಕೊನೆಗೆ ಹೇಳಿದಳು. ಇಳಿದಳು. ಆ ನೀಲಿ ಕಲ್ಲು ಒಡೆದಳು.

ಅವತ್ತು ತಿಂಡಿ ಹೊತ್ತಲ್ಲಿ ಶೆಡ್ಡಿನ ಹೊರಗೆ ನಿಂತಿದ್ವಿ. ಯಾರೂ ಬುತ್ತಿ ತಿಂತಿಲ್ಲ, ಬರೀ ಹಿಡ್ಕೊಂಡು ನಿಂತಿದ್ವಿ. ಲವ್‌ಡೇ ಕಿಟಕೀಲಿ ಇಣುಕಿ ನೋಡಿದಳು.

"ಹೇಗೆ ಮಲಗವೆ ನೋಡೇ ವಿಲ್ಮಟ್," ಅಂದಳು. "ನಾನು ಕಲ್ಲಾಗಿ ಹುಟ್ಟಬೇಕಿತ್ತು."

ಕೆಜಾಯ ಅಂದಳು, "ಒಳಗೆ ಸೆಕೆ ಕಣೇ. ಪಾಪ, ಅವಕ್ಕೆ ಒಂಚೂರು ಗಾಳಿ ಬೇಡ್ವಾ?"

ಅದಕ್ಕಿಂತ ಜಾಸ್ತಿ ಯಾರೂ ಏನೂ ಮಾತಾಡಿಕೊಳ್ಳಲಿಲ್ಲ. ಒಳಸಂಚು ಗಿಳಸಂಚು ಅಂತ ಆಮೇಲೆ ಜನ ಅಂದ್ರು, ಅದೆಲ್ಲ ಸುಳ್ಳು. ನನಗೆ ಸುಳ್ಳು ಹೇಳೋರನ್ನ ಕಂಡ್ರೆ ಆಗಲ್ಲ.

ಮಾರನೇ ದಿನ ಬೇಗ ಬಂದ್ವಿ. ದೊರೆಗಳು ಕ್ಯಾಪ್ಟನ್ ಮನೇಲಿ ಮೊಟ್ಟೆ ತಿಂತಿದ್ರು. ನಾವು ಕಲ್ಲುಗಳನ್ನ ಗಾಳಿಗೆ ಅಂತ ಹೊರಗೆ ತಂದ್ವಿ. ಮಗೂನ ಎತ್ಕೊಂಡ ಹಾಗೆ ಒಂದೊಂದನ್ನೇ ಎದೆಗೆ ಅಪ್ಪಿಕೊಂಡು. ಕಾಗದ ಬಿಚ್ಚಿದ್ವಿ, ಸೆಕೆ ಅಲ್ವಾ. ಇಡೋಕೆ ಸಮತಟ್ಟು ಜಾಗ ಹುಡುಕಿದ್ವಿ. ಇಲ್ಲಿ ಸಮತಟ್ಟು ಜಾಗ ಎಲ್ಲಿದೆ ಹೇಳಿ? ಎಲ್ಲ ಗುಡ್ಡ. ಇರೋದು ಕಣ ಒಂದೇ. ಅಲ್ಲಿ ಇಟ್ವಿ.

ಇಟ್ವಿ, ಗಂಟೆ ಹೊಡೀತು.

ಗಂಟೆ ಹೊಡೆದ್ರೆ ನಮ್ಮ ಕೈ ನಮ್ಮದಲ್ಲ ಚಿಕ್ಕದೊರೆ. ಎತ್ತು ಗಾಣಕ್ಕೆ ಕಟ್ಟಿದ ತಕ್ಷಣ ನಡೆಯಲ್ವಾ, ಹಾಗೆ. ಸುತ್ತಿಗೆ ಎತ್ತಿದ್ವಿ. ಮುಂದೆ ನೋಡಿದ್ರೆ ಕಲ್ಲು. ಒಂದು ಕ್ಷಣ ಎಲ್ಲರೂ ಲವ್‌ಡೇ ಮುಖ ನೋಡಿದ್ವಿ. ಒಡೀಲಾ, ಇಡ್ಲಾ? ಕೇಳೋ ಹಾಗಿಲ್ಲವಲ್ಲ. ಅವಳೇ ಮೊದಲು ಹೊಡೆದಳು.

ಆಮೇಲೆ ನೋಡಿ! ಅಂಥ ಕೆಲಸ ನಾವು ಜನ್ಮದಲ್ಲಿ ಮಾಡಿರಲಿಲ್ಲ. ಕೆಜಾಯ ತಲೆಗಾತ್ರ ಮಾಡಿದಳು. ಗ್ರೇಸ್ ಮುಷ್ಟಿಗಾತ್ರ ಮಾಡಿದಳು. ನಾನು, ಲವ್‌ಡೇ ಹೆಬ್ಬೆರಳಿನ ಗಾತ್ರ. ನೀರಿನ ಕಲ್ಲು, ಬೆಂಕಿ ಕಲ್ಲು, ಸ್ಕಾಟ್‌ಲೆಂಡಿನ ಕಲ್ಲು, ಜರ್ಮನಿಯಿಂದ ತಂದ ಕಲ್ಲು, ಎಲ್ಲ ಒಂದೇ ಹದಕ್ಕೆ. ನೆಲ ಎಷ್ಟು ಅದುರಿತು ಅಂದ್ರೆ ಸಮುದ್ರ ಒಂದು ಗಜ ಹಿಂದೆ ಹೋಯ್ತು, ಇನ್ನೂ ವಾಪಸ್ ಬಂದಿಲ್ಲ. ನೋಡಿ ಬೇಕಾದ್ರೆ, ಅಲ್ಲಿ, ಆ ಕಪ್ಪು ಬಂಡೆ ಹತ್ತಿರ. ಸರಿಯಾಗಿ ನೋಡಿ. ಹಾಂ. ಅಲ್ಲೇ ನೋಡ್ತಿರಿ.

ಒಂದೇ ಒಂದು ಮಾತ್ರ ಒಡೆಯಲಿಲ್ಲ. ಕೆಜಾಯ ಹೊಡೆದ್ಲು, ಸುತ್ತಿಗೆ ಹಿಡಿ ಮುರೀತು. ಕೈಗೆತ್ತಿ ನೋಡಿದ್ಲು. "ಅಯ್ಯೋ, ನನ್ನ ಹೊಗ್ಗನ್!" ಅಂದ್ಲು. ಒರೆಸ್ಕೊಂಡು ತಿಂದ್ಲು. ಸ್ವಲ್ಪ ಹಳಸಿತ್ತಂತೆ.

ದೊರೆಗಳು ಬರೋ ಹೊತ್ತಿಗೆ ರಾಶಿ ಹಾಕಿ ಮುಗಿದಿತ್ತು. ತಾಮ್ರ ಒಂದು ರಾಶಿ, ಅಷ್ಟಿಷ್ಟು ಒಂದು ರಾಶಿ, ಕಸ ಒಂದು ರಾಶಿ. ಕಸದ ರಾಶೀನೇ ದೊಡ್ಡದು, ನಮ್ಮ ತಪ್ಪಲ್ಲ. ನೀರುದೊರೆ ಅದರ ಮುಂದೆ ಮಂಡಿಯೂರಿ ಕೂತ್ರು. ಬೆಂಕಿದೊರೆ ಅವರ ತಲೆ ಹಿಡ್ಕೊಂಡು ಅತ್ರು. ಅವರಿಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದ್ದು ಅವತ್ತೇ ಮೊದಲು.

ಟ್ರೆವೆಲ್ಲಾ ಓಡಿ ಬಂದ್ರು. "ಏನ್ರೇ ಇದು?"

"ಕಲ್ಲು, ಕ್ಯಾಪ್ಟನ್," ಅಂದೆ.

"ಯಾರ ಕಲ್ಲು ಅಂತ ಕೇಳಬಾರದಿತ್ತಾ ಮುಂಡೇವಾ? ಒಡೀಬೇಕೋ ಬೇಡ್ವೋ ಅಂತ ಒಂದು ಮಾತು ಕೇಳಬಾರದಿತ್ತಾ?"

ಲವ್‌ಡೇ ಎದ್ದಳು. ಹಿಂದಿನ ದಿನದ ಅದೇ ಬಂಡೆ ಹತ್ತಿದಳು. ಬಾಯಿ ಒರೆಸ್ಕೊಂಡಳು.

"ನನ್ನ ಕೆಲಸ ಒಡೆಯೋದು. ಕೇಳೋದಲ್ಲ."

ಒಂದು ಕೆಮ್ಮಿಲ್ಲ. ಆಮೇಲೆ ಗ್ರೇಸ್ ಹೇಳಿದ್ಲು. ನಾನು ಹೇಳ್ದೆ. ಇಡೀ ಕಣ ಹೇಳ್ತು, ಚರ್ಚಲ್ಲಿ ಪಾದ್ರಿ ಹೇಳಿದ್ದನ್ನ ಹೇಳೋ ಹಾಗೆ. ಏಣಿ ಬಾಯಲ್ಲಿ ನಿಂತಿದ್ದ ಗಂಡಸರು ಒಬ್ಬೊಬ್ಬರೇ ಟೋಪಿ ತೆಗೆದ್ರು. ಯಾಕೋ ಗೊತ್ತಿಲ್ಲ. ಅಭ್ಯಾಸ ಇರಬೇಕು.

"ದೊರೆಗಳ ಕಾಲು ಹಿಡೀರಿ. ತಪ್ಪಾಯ್ತು ಅನ್ನಿ. ಇಲ್ಲ ಅಂದ್ರೆ ಒಬ್ಬಳೂ ನಾಳೆ ಬರಬೇಡಿ."

ಕೆಜಾಯ ಮುಂದೆ ಬಂದಳು. "ತಪ್ಪು ಅನ್ನಲ್ಲ ಕ್ಯಾಪ್ಟನ್. ಕಲ್ಲು ಒಡೆದ್ವಿ. ಅದು ಕೆಲಸ. ನಮ್ಮನ್ನ ಹೊರಗೆ ಹಾಕಿ ಕಲ್ಲನ್ನ ಒಳಗೆ ಮಲಗಿಸಿದ್ರಲ್ಲ, ಅದು ತಪ್ಪು."

ಸುತ್ತಿಗೆ ಕೆಳಗಿಟ್ಟಳು. ಎಲ್ಲರೂ ಇಟ್ವಿ. ನಾನು ಹುಟ್ಟಿದಾಗಿನಿಂದ ಹಗಲು ಹೊತ್ತು ಆ ಕಣ ಸುಮ್ಮನಿದ್ದದ್ದು ಕಂಡಿರಲಿಲ್ಲ. ಹೋಗಿ ಶೆಡ್ಡಲ್ಲಿ ಕೂತ್ವಿ. ಲವ್‌ಡೇನ ಗೋಡೆ ಪಕ್ಕ, ಮುಕ್ಕಾಲಿ ಮೇಲೆ ಕೂರಿಸಿದ್ವಿ.

ಮಾರನೇ ದಿನ ಅದಿರು ಕೊಳ್ಳೋರು ರಾಶಿ ನೋಡೋಕೆ ಬರೋದಿತ್ತು. ಒಡೆಯದ ಬಂಡೇನ ಯಾರು ಕೊಳ್ತಾರೆ? ಟ್ರೆವೆಲ್ಲಾ ಗಂಡಸರಿಗೆ ಒಡೀರಿ ಅಂದ್ರು. ಗಂಡಸರು ಅದು ಹೆಂಗಸರ ಕೆಲಸ, ನಾವು ಮಾಡಿದ್ರೆ ಮರ್ಯಾದೆ ಹೋಗುತ್ತೆ ಅಂದ್ರು. ಅವರ ಮರ್ಯಾದೆಯಿಂದ ನಮಗೆ ಒಳ್ಳೇದಾದದ್ದು ಅದೊಂದೇ ಸಲ. ತಾವೇ ಒಂದು ಸುತ್ತಿಗೆ ಎತ್ತಿದ್ರು. ಸೊಂಟ ಹಿಡ್ಕೊಳ್ತು. ಬಗ್ಗಿದೋರು ಬಗ್ಗೇ ಶೆಡ್ಡಿಗೆ ಬಂದ್ರು.

"ಆಯ್ತು ಕಣ್ರೇ. ಶೆಡ್ಡು ಕೊಟ್ಟಿದ್ದೀನಿ. ಏಳಿ."

ಲವ್‌ಡೇ ಗೋಡೆ ಬಿಟ್ಟು ಏಳಲಿಲ್ಲ. "ಇದು ನಮ್ಮಮ್ಮಂದಿರು ಕಟ್ಟಿದ್ದು. ನೀವು ಕೊಡೋದೇನು? ತಪ್ಪಾಯ್ತು ಅನ್ನಿ ಕ್ಯಾಪ್ಟನ್."

ಅವರು ಆ ಕಡೆ ಈ ಕಡೆ ನೋಡಿದ್ರು. ತಪ್ಪಾ... ಅಂತ ಗಂಟಲು ಕ್ಯಾಕರಿಸಿದ್ರು.

"ಕೆಮ್ಮದೆ ಹೇಳಿ," ಅಂದ್ಲು ಲವ್‌ಡೇ.

ಹೇಳಿದ್ರು.

ಅವತ್ತಿಂದ ಆ ಶೆಡ್ಡಿಗೆ ಒಂದು ಕಲ್ಲೂ ಹೋಗಿಲ್ಲ. ಇವತ್ತು ಬೆಳಿಗ್ಗೆ ತನಕ. ಈಗಿನ ಕ್ಯಾಪ್ಟನ್‌ಗೆ ಅವರ ಮಾವ ಈ ಕಥೆ ಹೇಳಿಲ್ಲ ಕಾಣುತ್ತೆ. ಯಾರು ತಾನೆ ಹೇಳ್ಕೋತಾರೆ? ನಿಮ್ಮ ತಪ್ಪೇನಿಲ್ಲ ಚಿಕ್ಕದೊರೆ, ಅವರು ಇಟ್ಕೊಳ್ಳಿ ಅಂದ್ರು, ನೀವು ಕಲ್ಲಿನ ಪೆಟ್ಟಿಗೆ ಇಟ್ಕೊಂಡ್ರಿ. ಜಾಗ ಸಾಲದೆ ಒಂದು ಮುಕ್ಕಾಲಿ ಎತ್ತಿ ಹೊರಗೆ ಬೆಳಗಿನ ಮಳೇಲಿಟ್ರಿ, ಅಲ್ವಾ? ಅದೇ ಮುಕ್ಕಾಲಿ. ಹೌದು, ಲವ್‌ಡೇ ಇನ್ನೂ ಇದ್ದಾಳೆ. ಹಲ್ಲಿಲ್ಲ, ಮುದುಕಿ ಆಗಿದ್ದಾಳೆ, ಉಸಿರಿದೆ. ಬೆಳಿಗ್ಗೆಯಿಂದ ಹೊರಗೆ ನಿಂತಿದ್ದಾಳೆ. ನಮ್ಮ ಹುಡುಗೀರು ನನ್ನ ಹತ್ತಿರ ಬಂದು, "ಅತ್ತೆ, ನಿನಗೆ ಕೈ ಇಲ್ಲ, ಬಾಯಿದೆ, ಆ ದೊರೆನ ಸ್ವಲ್ಪ ಹೊತ್ತು ಸಮುದ್ರ ನೋಡ್ತಾ ಕೂರಿಸು" ಅಂದ್ರು.

ಹಾಂ, ಗಂಟೆ. ಗಂಟೇನೇ ಅದು. ಗಾಬರಿ ಬೀಳಬೇಡಿ, ಇಲ್ಲಿ ಯಾವುದೂ ಬದಲಾಗಿಲ್ಲ, ನಿಯಮ ಇವತ್ತಿಗೂ ಅದೇ, ಕಣಕ್ಕೆ ಬಂದ ಕಲ್ಲು ಯಾರದ್ದು ಅಂತ ನಾವು ಕೇಳೋ ಹಾಗಿ...

ಚಿಕ್ಕದೊರೆ? ಸಮುದ್ರ ಈ ಕಡೆ ಇದೆ.